ಮಾರುತಿಯ ಮಾಲೆಗೆ ಸೇರಿದ ಹಸಿರು ಮೊಗ್ಗು

ಆಗ ನನಗೆ ಐವತ್ತೆಂಟು. ಅದಾಗಿ ಹನ್ನೆರಡು ವರ್ಷವಾಯಿತು. ಯೆರವಡಾದಲ್ಲಿ ನಮ್ಮ ಸಾಲುಮನೆಗಳ ಚಾಳಿನ ಹಿಂದೆ ಒಂದು ಬಯಲಿತ್ತು. ಈಗ ಅಲ್ಲಿ ಬೇಲಿ ಹಾಕಿ, ಹುಲ್ಲು ಹಾಸಿ ಗಾರ್ಡನ್ ಮಾಡಿದ್ದಾರೆ. ಚೊಕ್ಕಟವಾಗಿದೆ, ಒಂದು ಪಾತರಗಿತ್ತಿಯೂ ಬರುವುದಿಲ್ಲ. ಆಗ ಬರೀ ಕಲ್ಲು, ಮುಳ್ಳು, ಎಕ್ಕದ ಗಿಡ. ಬೇಸಿಗೆಯಲ್ಲಿ ಎಲ್ಲ ಒಣಗಿದರೂ ಎಕ್ಕ ಬದನೆ ಬಣ್ಣದ ಹೂ ಬಿಡುತ್ತಿತ್ತು. ಕಲ್ಲಿನ ಸಂದಿಯಲ್ಲಿ ನೆಗ್ಗಿಲ ಮುಳ್ಳಿನ ಹಳದಿ ಹೂ. ಅವುಗಳ ಮೇಲೆಲ್ಲ ಕೇಸರಿ ರೆಕ್ಕೆಗೆ ಕರಿ ಅಂಚಿನ ಪಾತರಗಿತ್ತಿಗಳು. ನನ್ನ ಗಂಡನ ಅಣ್ಣನ ಹೆಂಡತಿಗೆ ಅವನ್ನು ನೋಡುತ್ತ ಕೂತರೆ ಮನೆ ನೆನಪಾಗುತ್ತಿರಲಿಲ್ಲ. ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ.

ಆ ಬೇಸಿಗೆ ಅಕ್ಕನ ಮಗಳು ಚೊಚ್ಚಲ ಬಸುರಿ, ದಿನ ತುಂಬಿತ್ತು. ಹೆರಿಗೆ ಸುಸೂತ್ರ ಆಗುವ ತನಕ ಶನಿವಾರಕ್ಕೊಮ್ಮೆ ಮಾರುತಿಗೆ ಎಕ್ಕದ ಎಲೆಯ ಮಾಲೆ ಹಾಕಿಸುತ್ತೇನೆಂದು ಅಕ್ಕ ಹರಕೆ ಹೊತ್ತಿದ್ದಳು. ಒಂದು ಶನಿವಾರ ಎಲೆಯೊಂದರ ಕೆಳಗೆ ಹಸಿರು ಮೊಗ್ಗಿನಂಥದ್ದು ಜೋತುಬಿದ್ದಿತ್ತು, ಮೈಮೇಲೆ ಬಂಗಾರದ ಚುಕ್ಕಿ. ಚೆಂದ ಕಾಣುತ್ತದೆಂದು ಆ ಎಲೆಯನ್ನು ಮಾಲೆಯ ನಟ್ಟನಡುವೆ ಪೋಣಿಸಿದಳು.

ಗುಡಿಗೆ ಕೊಟ್ಟು ಬಯಲು ಹಾದು ಬರುವಾಗ ನೋಡಿದರೆ, ಅದೇ ಗಿಡದಲ್ಲಿ ಅಂಥದ್ದೇ ಇನ್ನೊಂದು ಮೊಗ್ಗು ಒಡೆದು ಮುದುಡಿದ ರೆಕ್ಕೆಯ ಪಾತರಗಿತ್ತಿ ಹೊರಬರುತ್ತಿತ್ತು. ಅಕ್ಕ ಗಿಡದ ಬುಡದಲ್ಲೇ ಕೂತುಬಿಟ್ಟಳು.

“ಅಯ್ಯ ನನ್ನವ್ವಾ, ಜೀವ ಇದ್ದದ್ದನ್ನ ಪೋಣಿಸೇನಲ್ಲ! ನಾಳೆ ಮಾಲಿ ತಗದು ನಿರ್ಮಾಲ್ಯದಾಗ ಒಗೀತಾರ. ಮನ್ಯಾಗ ಬಸರಿ ಅದಾಳ.”

“ಹೋಗಿ ಇಸ್ಕೊಂಡ ಬರೂಣು, ಏಳು.”

“ದೇವರ ಕೊರಳಾಗಿಂದ ಹೆಂಗ ತಗೀತಿ? ಹರಕಿ ಮುರೀತದ.”

“ಗುಡ್ಡಾ ಎತ್ತಿದಾಂವಗ ಒಂದ ಎಲಿ ಹೋದ್ರ ಥಂಡಿ ಹತ್ತತದೇನಕ್ಕಾ?”

ಅಕ್ಕ ನಗಲಿಲ್ಲ. ಎಬ್ಬಿಸಿಕೊಂಡು ಗುಡಿಗೆ ಹೋದೆ. ಪೂಜಾರಿ ಮರಾಠಿಯಲ್ಲಿ ಗದರಿದ. ಏರಿಸಿದ ಮಾಲೆಯನ್ನು ಅಂದೇ ಇಳಿಸುವ ಪದ್ಧತಿ ಇಲ್ಲವಂತೆ. ನಾಳೆ ಅಭಿಷೇಕಕ್ಕೆ ಮೊದಲು ಬಂದರೆ ಕೈಗೇ ಕೊಡುತ್ತೇನೆ, ತಡ ಮಾಡಿದರೆ ನಿರ್ಮಾಲ್ಯಕ್ಕೆ ಹೋಗುತ್ತದೆ ಎಂದ. ಅಕ್ಕ ಕಂಬಿಯ ಹೊರಗೆ ನಿಂತು, “ಒಂದ ದಿನಾ ತಡಕೋ, ಹೊರಗ ಬರಬ್ಯಾಡ” ಎಂದು ಆ ಮೊಗ್ಗಿಗೆ ಹೇಳಿದಳು. ಮನೆಗೆ ಬಂದು ಮಗಳಿಗೂ ಅದನ್ನೇ ಹೇಳಿದಳು.

“ಬ್ಯಾನಿ ನಿನ್ನ ಮಾತ ಕೇಳ್ತಾವೇನಬೇ?” ಎಂದಳು ಮಗಳು.

ಕೇಳಲಿಲ್ಲ. ನಸುಕಿನಲ್ಲೇ ಹೆರಿಗೆ ನೋವು ಶುರುವಾಯಿತು. ಮಗಳನ್ನು ಆಸ್ಪತ್ರೆಗೆ ಕರೆದೊಯ್ಯಲು ರಿಕ್ಷಾ ಹತ್ತುತ್ತ ಅಕ್ಕ ಕೂಗಿದಳು, “ಮಾಲಿ ಮರೀಬ್ಯಾಡ ನೋಡ!”

ಅಕ್ಕ ಈಗಿಲ್ಲ. ಅಂದು ಹುಟ್ಟಿದ ಕೂಸು ನನಗಿಂತ ಎತ್ತರ ಬೆಳೆದಿದೆ. ಹುಳ ಕಂಡರೆ ಚೀರುತ್ತದೆ. ಎಕ್ಕದ ಗಿಡ ತೋರಿಸೋಣವೆಂದರೆ ಬಯಲೇ ಇಲ್ಲ.

ಅವರ ರಿಕ್ಷಾ ಹೋದ ಆ ಬೆಳಿಗ್ಗೆ ನಾನು ಮೊದಲು ಗುಡಿಗೆ ಹೋದೆ. ಪೂಜಾರಿ ಮಾಲೆ ಇಳಿಸಿ ಕೊಟ್ಟ. ಮೊಗ್ಗು ಕಪ್ಪಾಗಿತ್ತು, ಒಳಗಿನ ಕೇಸರಿ ರೆಕ್ಕೆ ಕಾಣುತ್ತಿತ್ತು. ಬಯಲಿಗೆ ತಂದು, ಸೆರಗಿನ ಪಿನ್ನು ಬಿಚ್ಚಿ ಆ ಎಲೆಯನ್ನು ಎಕ್ಕದ ಟೊಂಗೆಗೆ ಸಿಕ್ಕಿಸಿ, ಮೊಗ್ಗು ನೆಟ್ಟಗೆ ಜೋತುಬಿದ್ದಿದೆಯೇ ಎಂದು ನೋಡಿ, ಆಸ್ಪತ್ರೆಗೆ ಹೋಗುವ ಬಸ್ಸು ಹತ್ತಿದೆ.