ಕಿಯಾಂತಿಗೆ ಆಗದ ಹುಣಸೆ ವಾಸನೆ

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಕೆನಡಾದ ಮಿಸಿಸಾಗದಲ್ಲಿದ್ದಾಗ, ನನ್ನ ಗಂಡನ ಆಫೀಸಿನ ಮೈಸೂರಿನವನೊಬ್ಬನಿಗೆ ವೈನಿನ ಹುಚ್ಚು ಹಿಡಿಯಿತು. ಅದುವರೆಗೆ ಬಿಯರಿಗೂ ಲಿಂಬು ಸೋಡಾ ಬೆರೆಸಿ ಕುಡಿಯುತ್ತಿದ್ದ ಗಂಡಸು, ಯಾವುದೋ ಸಂಜೆ ಕ್ಲಾಸಿಗೆ ಹೋಗಿ ಪಂಡಿತನಾಗಿ ಬಂದ. ಆ ಪಾಂಡಿತ್ಯ ತೋರಿಸಲು ಒಂದು ಶನಿವಾರ ಮಧ್ಯಾಹ್ನ ನಮ್ಮನ್ನೂ ಇನ್ನೆರಡು ಕುಟುಂಬಗಳನ್ನೂ ಊಟಕ್ಕೆ ಕರೆದ.

ಹೋಗಿ ನೋಡಿದರೆ ಟೇಬಲ್ಲಿನ ಮೇಲೆ ಬಿಸ್ಕತ್ತು, ಚೀಸಿನ ಚೂರು, ನಡುವೆ ಒಂದು ಬಾಟಲಿ.

"ಇದು ಚಿಯಾಂಟಿ ಏನ್ರೀ?" ಎಂದೆ, ಬಾಟಲಿಯ ಮೇಲಿನ ವೈನಿನ ಹೆಸರು ಓದಿ.

"ಚಿಯಾಂಟಿ ಅಲ್ಲ ಮೇಡಂ, ಕಿಯಾಂತಿ."

ಬಾಟಲಿಯ ಕತ್ತಿನ ಗುಲಾಬಿ ಪಟ್ಟಿ ತೋರಿಸಿ, ಇದು ಇಟಲಿ ಸರ್ಕಾರದ ಮುದ್ರೆ, ಟಸ್ಕನಿಯ ಆ ಗುಡ್ಡಗಳ ದ್ರಾಕ್ಷಿಯಾದರೆ ಮಾತ್ರ ಈ ಹೆಸರು, ಒಂದು ಜಾತಿಗೆ ಇನ್ನೊಂದನ್ನು ಹದವಾಗಿ ಬೆರೆಸುತ್ತಾರೆ ಎಂದು ಕೊರೆದೇ ಕೊರೆದ. ಆಮೇಲೆ ಗ್ಲಾಸಿನೊಳಗೆ ಮೂಗು ತೂರಿಸಿ ಕಣ್ಣು ಮುಚ್ಚಿದ. ನೆಗಡಿಗೆ ಹಬೆ ತೆಗೆದುಕೊಳ್ಳುವವನ ಹಾಗೆ ಕಂಡ.

"ಚೆರ್ರಿ, ಲೆದರ್, ಸ್ವಲ್ಪ ತಂಬಾಕು," ಎಂದ. ಲೆದರ್ ವಾಸನೆ ಬೇಕೆಂದರೆ ಬಾಗಿಲಲ್ಲಿ ನಮ್ಮೆಲ್ಲರ ಚಪ್ಪಲಿಗಳಿದ್ದವು.

ಅಷ್ಟರಲ್ಲಿ ಕೆಳಗಿನಿಂದ ಹುಣಸೆ ಗೊಜ್ಜಿನ ಘಮ ಬಂತು. ಅವನ ಮುಖ ಗಂಟಾಯಿತು.

"ಅಮ್ಮ ಕೆಳಗಿನ ಒಲೆ ಮೇಲೆ ಪುಳಿಯೋಗರೆ ಮಾಡ್ತಿದಾರೆ. ಇದು ಮುಗಿಯೋವರ್ಗೂ ಬೇಸ್‌ಮೆಂಟಲ್ಲೇ ಇರಿ ಅಂದಿದೀನಿ. ಆ ವಾಸನೆ ಬಂದ್ರೆ ವೈನಿನ ನೋಸ್, ಅಂದ್ರೆ ಪರಿಮಳ, ಹಾಳಾಗುತ್ತೆ."

ಮಗನ ಮನೆಗೆಂದು ಮೈಸೂರಿನಿಂದ ಬಂದ ತಾಯಿ. ನನಗೆ ಮೈ ಉರಿಯಿತು.

"ನಿಮ್ಮ ವೈನಿನ ಮೂಗು ನೀವ ಕಾಯ್ರಿ. ನಾ ನಿಮ್ಮ ಅವ್ವಾರನ್ನ ಮಾತಾಡಿಸಿ ಬರ್ತೀನಿ," ಎಂದು ಎದ್ದೆ.

ಕೆಳಗೆ ಆಕೆ ರೇಷ್ಮೆ ಸೀರೆ ಉಟ್ಟು ವಾಷಿಂಗ್ ಮಷೀನಿನ ಪಕ್ಕ ಕೂತಿದ್ದರು. "ಪಾರ್ಟಿ ಮುಗೀತೇನಮ್ಮಾ?"

"ಈಗ ಶುರು ಆತ್ರೀ. ತಾಟಿಗೆ ಹಾಕ್ರಿ."

ನಾನು ಎರಡನೇ ಸಲ ಬಡಿಸಿಕೊಳ್ಳುವಾಗ ನನ್ನ ಗಂಡ ಇಳಿದು ಬಂದರು. ಹಿಂದೆಯೇ ಉಳಿದವರೂ, ಕೊನೆಗೆ ಅವನ ಹೆಂಡತಿಯೂ. ಮೇಲೆ ಅವನೂ ಇಟಲಿ ಸರ್ಕಾರವೂ ಇಬ್ಬರೇ.

"ಅವನಿಗೂ ಒಂದು ತಟ್ಟೆ ಕೊಡಮ್ಮಾ, ಹಸಿದಿರ್ತಾನೆ," ಎಂದರು ತಾಯಿ.

"ಬೇಡಿ ಅತ್ತೆ, ಬಾಯಿರುಚಿ ಕೆಟ್ಟುಹೋಗುತ್ತೆ," ಎಂದಳು ಸೊಸೆ, ನಗದೆ.

ಆ ಬೇಸಿಗೆಯಲ್ಲಿ ಅವನು ಟೇಸ್ಟಿಂಗ್ ಇಟ್ಟಾಗಲೆಲ್ಲ ಸೊಸೆ ಅತ್ತೆಯನ್ನು ನಮ್ಮ ಮನೆಗೆ ಕರೆತಂದು ತಾನೂ ಉಳಿಯುತ್ತಿದ್ದಳು. ಒಂದೆರಡು ವರ್ಷಕ್ಕೆ ಅವನು ವೈನ್ ಬಿಟ್ಟು ಗಾಲ್ಫ್ ಹಿಡಿದನಂತೆ. ಅದರ ಬಗ್ಗೆಯೂ ಈಗ ಎಲ್ಲರಿಗೂ ಪಾಠ ಹೇಳುತ್ತಿರಬೇಕು. ನಾವು ಕೇಳಲು ಹೋಗಲಿಲ್ಲ.