ಹಲ್ಲಿನಲ್ಲಿ ತಂತಿ ಸುಲಿಯುವವನು

ಶಾಲೆ ಮಕ್ಕಳ ವ್ಯಾನಿನಲ್ಲಿ ಹೊಗೆ ಎದ್ದದ್ದು ನಾನು ಮಾಡಿದ ತಂತಿಯ ಜಾಯಿಂಟಿನಿಂದ, ವೈರಿಂಗಿನವನು ಮಾಡಿದ್ದರಿಂದ ಅಲ್ಲ. ಇದನ್ನು ಬೇರೆ ಥರ ಹೇಳುವವರು ಪೆಂಡುರ್ತಿಯಲ್ಲಿ ಇನ್ನೂ ಒಬ್ಬಿಬ್ಬರು ಇದ್ದಾರು, ಅದಕ್ಕೇ ಮೊದಲು ಹೇಳಿಬಿಟ್ಟೆ.

ಅವನ ಮುಂದಿನ ಹಲ್ಲಿನಲ್ಲಿ ಒಂದು ಕಚ್ಚು ಇತ್ತು, ತಂತಿ ಸರಿಯಾಗಿ ಕೂರುವಷ್ಟು. ಇಪ್ಪತ್ತು ವರ್ಷ ತಂತಿಯ ಸಿಪ್ಪೆಯನ್ನು ಹಲ್ಲಿನಿಂದಲೇ ಸುಲಿದು ಆದದ್ದು. ಕತ್ತರಿ, ಇಕ್ಕಳ ಎಲ್ಲ ಪಕ್ಕದಲ್ಲೇ ಬಿದ್ದಿರುತ್ತಿದ್ದವು. ತಾಮ್ರದ ಎಳೆ ಎಲ್ಲಿ ಶುರುವಾಗುತ್ತೆ ಅಂತ ಇಕ್ಕಳಕ್ಕೆ ಗೊತ್ತಾಗಲ್ಲ, ಹಲ್ಲಿಗೆ ಗೊತ್ತಾಗುತ್ತೆ ಅನ್ನುತ್ತಿದ್ದ. ನಕ್ಕಾಗ ಆ ಕಚ್ಚು ಕಾಣುತ್ತಿತ್ತು. ನಗುತ್ತಿದ್ದದ್ದೇ ಕಡಿಮೆ.

ನಾವು ಹೊಸಪೇಟೆ ಕಡೆಯವರು. ನಮ್ಮ ಯಜಮಾನರು ವಿಶಾಖಪಟ್ಟಣದ ಬಂದರಿಗೆ ಲಾರಿ ಓಡಿಸುತ್ತಿದ್ದರು. ಬೆನ್ನು ನೋವು ಹತ್ತಿಕೊಂಡ ಮೇಲೆ ಒಂದು ಹಳೇ ವ್ಯಾನು ತಗೊಂಡು ಅಲ್ಲೇ ಹತ್ತಿರದ ಪೆಂಡುರ್ತಿಯಲ್ಲಿ ಮಕ್ಕಳನ್ನು ಶಾಲೆಗೆ ಬಿಡತೊಡಗಿದರು. ಅವರು ಓಡಿಸೋದು, ನಾನು ಹಿಂದೆ ಕೂತು ಮಕ್ಕಳನ್ನು ನೋಡಿಕೊಳ್ಳೋದು. ಎರಡು ಸಾವಿರದ ನಾಲ್ಕೋ ಐದೋ ಇಸವಿ. ನಾನು ಓದಿದ್ದು ಮೂರನೇ ಕ್ಲಾಸು. ತೆಲುಗು ಕಲಿತದ್ದು ಆ ಮಕ್ಕಳಿಂದ.

ವೈರಿಂಗ್ ಕೆಲಸ ಇದ್ದರೆ ಅಲ್ಲಿನ ವ್ಯಾನುಗಳೆಲ್ಲ ಅವನ ತಗಡಿನ ಶೆಡ್ಡಿಗೇ ಹೋಗಬೇಕು. ವಿಜಯವಾಡದಲ್ಲಿ ಲಾರಿಗಳ ಕೆಳಗೆ ಮಲಗಿ ಕಲಿತು ಬಂದವನು. ಬೇರೆಯವರ ಕೆಲಸ ಕಂಡರೆ, ವಿಜಯವಾಡದಲ್ಲಾಗಿದ್ದರೆ ಇದಕ್ಕೆ ನಮ್ಮ ಮೇಸ್ತ್ರಿ ಕಪಾಳಕ್ಕೆ ಕೊಡ್ತಿದ್ದ ಅನ್ನುತ್ತಿದ್ದ. ಈಗ ಅವನಿಲ್ಲ. ಕುಡಿದು ಕುಡಿದು ಹೋದ. ಒಳ್ಳೆಯವನು ಅಂತ ನಾನು ಹೇಳಲ್ಲ. ಬಾಯಿ ಕೆಟ್ಟದ್ದು, ಹೇಳಿದ ದಿನಕ್ಕೆ ಗಾಡಿ ಕೊಟ್ಟವನೇ ಅಲ್ಲ.

ಕೆಲಸ ಮಾತ್ರ ಕೆಲಸ. ತಂತಿ ಸುಲಿಯುವ ಮುಂಚೆಯೇ ಅದಕ್ಕೆ ಕೊಳವೆಯಂಥ ಸ್ಲೀವು ತೊಡಿಸಿಡುತ್ತಿದ್ದ, ಜೋಡಿಸಿದ ಮೇಲೆ ತೊಡಿಸಕ್ಕೆ ಬರಲ್ಲವಲ್ಲ. ಎಳೆ ಎಳೆ ಬಿಡಿಸಿ, ಒಂದರೊಳಗೊಂದು ಸೇರಿಸಿ, ಜಡೆ ಹೆಣೆದ ಹಾಗೆ ತಿರುವಿ ಬೆಸುಗೆ ಹಾಕುವನು. ಆಮೇಲೆ ಗಾಡಿಯವರ ಕೈಗೆ ಕೊಟ್ಟು ಎಳೆಯಿರಿ ಅನ್ನುವನು. ಎಳೆದರೂ ಬರದಿದ್ದರೆ ಸ್ಲೀವನ್ನು ಜಾಯಿಂಟಿನ ಮೇಲಕ್ಕೆ ಸರಿಸಿ ಬೆಂಕಿಕಡ್ಡಿಯ ಕಾವು ತೋರಿಸುವನು, ಅದು ಮುದುಡಿ ಕಚ್ಚಿ ಕೂರುತ್ತಿತ್ತು. ಅಲ್ಲಿಯ ಸಮುದ್ರದ ಗಾಳಿಗೆ ತಾಮ್ರ ಹಸಿರಾಗಿ ಉದುರಿಹೋಗುತ್ತೆ, ಒಂದು ಕೂದಲಷ್ಟೂ ಸಂದು ಬಿಡಬಾರದು. ಎರಡು ತಂತಿ ತುಂಡಾದರೆ ಎರಡು ಜಾಯಿಂಟನ್ನೂ ಅಕ್ಕಪಕ್ಕ ಹಾಕುವ ಹಾಗಿಲ್ಲ, ಒಂದಕ್ಕೊಂದು ತಾಗಿದರೆ ಸುಟ್ಟುಹೋಗುತ್ತೆ; ಒಂದು ಇಲ್ಲಿ, ಇನ್ನೊಂದು ಗೇಣು ದೂರ. ಇದೆಲ್ಲ ಆಮೇಲೆ ನನ್ನ ಕೈಯಲ್ಲೂ ಮಾಡಿಸಿದ, ಬೈದು ಬೈದು.

ಮೊದಲೇ ಕಲಿತಿದ್ದರೆ ಆಗುತ್ತಿತ್ತು. ಅವನು ಹಿಂದಿನ ಲೈಟಿನ ವೈರಿಂಗ್ ಮುಗಿಸಿ ಒಂದು ವಾರ ಆಗಿತ್ತು. ಬೆಳಿಗ್ಗೆ ಯಾವುದೋ ಮಗುವಿನ ಕಾಲು ಸಿಕ್ಕಿ ಸೀಟಿನ ಕೆಳಗೆ ಎರಡು ತಂತಿ ಕಿತ್ತು ಬಂದವು. ಹೊತ್ತಾಗಿತ್ತು. ಯಜಮಾನರಿಗೆ ಹೇಳಿದರೆ ಗಾಡಿ ನಿಲ್ಲಿಸಿ ಕೂಗಾಡುತ್ತಾರೆ. ನಾನೇ ಎರಡನ್ನೂ ತಿರುವಿ, ಅಕ್ಕಪಕ್ಕ ಇಟ್ಟು, ಮಕ್ಕಳ ಮಂಡಿಗೆ ಹಚ್ಚುವ ಪ್ಲಾಸ್ಟರ್ ಸುತ್ತಿದೆ. ಮೂರನೇ ದಿನ ಯಾರದೋ ನೀರಿನ ಬಾಟಲಿ ಚೆಲ್ಲಿತು. ಸೀಟಿನ ಕೆಳಗಿಂದ ಹೊಗೆ. ಹದಿನಾಲ್ಕು ಮಕ್ಕಳನ್ನೂ ಎತ್ತಿ ಕೆಳಗಿಟ್ಟೆ, ಯಾರಿಗೂ ಏನೂ ಆಗಲಿಲ್ಲ.

ತಂದೆತಾಯಿಗಳು ಸೇರಿದರು. ವೈರಿಂಗ್ ಮಾಡಿದ್ದು ಯಾರು ಅಂದರು. ಯಜಮಾನರು ಅವನನ್ನು ತೋರಿಸಿದರು. ನಾನು ಬಾಯಿ ಬಿಡಲಿಲ್ಲ. ಬಿಟ್ಟರೆ ನಾಳೆ ಆ ವ್ಯಾನಿಗೆ ಯಾರು ಮಕ್ಕಳನ್ನು ಹತ್ತಿಸುತ್ತಾರೆ? ಅವನು ಬಂದ, ಬೈಸಿಕೊಂಡ, ಸುಟ್ಟ ತುಂಡನ್ನು ಕತ್ತರಿಸಿಕೊಂಡು ಹೋದ. ವಾರದೊಳಗೆ ಮೂರು ವ್ಯಾನು ಬೇರೆ ಶೆಡ್ಡಿಗೆ ಹೋದವು. ಕುಡಿದು ಮಕ್ಕಳ ಗಾಡಿ ಮುಟ್ಟುತ್ತಾನೆ ಅಂತ ಮಾತಾಯಿತು.

ಒಂದು ಸಂಜೆ ನಾನು ಹೊಸಿಲಲ್ಲಿ ಗೋಂಗೂರ ಸೊಪ್ಪು ಬಿಡಿಸುತ್ತಿದ್ದೆ. ಅವನು ಬಂದು ಎದುರಿಗೆ ಕುಕ್ಕರುಗಾಲಲ್ಲಿ ಕೂತ. ಕುಡಿದಿರಲಿಲ್ಲ. ಆ ಸುಟ್ಟ ತುಂಡನ್ನು ಸೊಪ್ಪಿನ ಮೇಲಿಟ್ಟ. ಕಪ್ಪಾದ ಪ್ಲಾಸ್ಟರನ್ನು ಬಿಚ್ಚಿದ್ದ, ಒಳಗೆ ಬಟ್ಟೆಯ ನೇಯ್ಗೆ ಬೆಳ್ಳಗೆ ಕಾಣುತ್ತಿತ್ತು.

ತೆಲುಗಿನಲ್ಲಿ ಹೇಳಿದ: "ಅಕ್ಕಾ, ನಾನು ಕುಡೀತೀನಿ. ಬೈತೀನಿ. ಹೇಳಿದ ದಿನ ಗಾಡಿ ಕೊಡಲ್ಲ. ಅದನ್ನೆಲ್ಲ ಊರಿಗೆಲ್ಲ ಹೇಳಿ, ಬೇಡ ಅನ್ನಲ್ಲ. ಈ ಜಾಯಿಂಟ್ ನಂದು ಅಂತ ಮಾತ್ರ ಹೇಳಬೇಡಿ."

"ನಾನು ಹೇಳಿಲ್ಲಪ್ಪ," ಅಂದೆ.

"ಅಲ್ಲ ಅಂತಲೂ ಹೇಳಲಿಲ್ಲ," ಅಂದ. ಎದ್ದು ಹೋದ.

ಮಾರನೇ ದಿನ ಬೆಳಿಗ್ಗೆ ಪ್ರತಿ ಮನೆಯ ಮುಂದೆ ಇಳಿದೆ. ಅದು ನನ್ನ ಕೈಯ ಕೆಲಸ, ಅವನದಲ್ಲ ಅಂತ ನನಗೆ ಬರುವ ತೆಲುಗಿನಲ್ಲಿ ಹೇಳಿದೆ. ಯಜಮಾನರಿಗೂ ಗೊತ್ತಾದದ್ದು ಮೊದಲ ಮನೆಯ ಬಾಗಿಲಲ್ಲೇ. ಸ್ಟೇರಿಂಗ್ ಹಿಡಿದು ಕೂತವರು ನನ್ನ ಕಡೆ ತಿರುಗಲಿಲ್ಲ. ಒಬ್ಬಾಕೆ, ಅವತ್ತೇ ಯಾಕೆ ಹೇಳಲಿಲ್ಲ ಅಂದಳು. ಹೆದರಿದೆ ಅಂದೆ. ಅವಳು ಮಗುವನ್ನು ಒಳಗೆ ಎಳೆದುಕೊಂಡಳು. ಹದಿನಾಲ್ಕರಲ್ಲಿ ಒಂಬತ್ತು ಮಕ್ಕಳು ಹತ್ತಿದವು.

ಶಾಲೆಯ ಗೇಟಿನ ಹತ್ತಿರ ಬೇರೆ ವ್ಯಾನಿನವರು ಟೀ ಕುಡಿಯುತ್ತಿದ್ದರು. ಅವರಿಗೂ ಹೇಳಿದೆ. ಒಬ್ಬ, ಹಂಗಾದ್ರೆ ಅಕ್ಕಾ, ನಮ್ಮ ಗಾಡಿಗೂ ಒಂದಿಷ್ಟು ಪ್ಲಾಸ್ಟರ್ ಸುತ್ತಿಕೊಡಿ ಅಂದ. ಎಲ್ಲರೂ ನಕ್ಕರು. ಅವರು ನಕ್ಕು ಮುಗಿಸುವ ತನಕ ನಿಂತಿದ್ದು, ಇನ್ನೊಂದು ಸಲ ಹೇಳಿದೆ.