ಚಿಗವ್ವ ಬೆಳ್ಳಗಾದ ಮೂರು ತಿಂಗಳು

ಮೊನ್ನೆ ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ಇಳಿದು ಚಿಗವ್ವನ ಮನೆಯ ಕಡೆ ಹೊರಟಿದ್ದೆ. ಫ್ಯಾನ್ಸಿ ಅಂಗಡಿಯೊಂದರ ಮುಂದೆ ಮೂಗಿಗೆ ಗುಲಾಬಿಯ ವಾಸನೆ ಬಡಿಯಿತು. ಹೂವಿನದಲ್ಲ, ಹೂವನ್ನು ಎಂದೂ ನೋಡದವನು ಊಹೆಯಿಂದ ತಯಾರಿಸಿದ ಗುಲಾಬಿ. ನನ್ನ ಕಾಲುಗಳು ಹಳೆಯ ಅಪರಾಧಿಯ ಕಾಲುಗಳಂತೆ ಅಲ್ಲೇ ನಿಂತವು.

ಚಿಗವ್ವ, ಎಂದರೆ ನನ್ನ ತಾಯಿಯ ತಂಗಿ ಶಾಂತವ್ವ, ಸೀರೆ ನೇಯುವವಳು. ಬಣ್ಣದ ವಿಷಯದಲ್ಲಿ ಆಕೆ ದೇವರನ್ನೂ ನಂಬುವವಳಲ್ಲ. ಹೊಸ ನೂಲು ಬಂದರೆ ಒಂದು ಎಳೆ ತೋಯಿಸಿ ಬಿಳಿ ಬಟ್ಟೆಯ ಮೇಲೆ ತಿಕ್ಕುವಳು. ಬಟ್ಟೆಗೆ ಬಣ್ಣ ಹತ್ತಿತೋ, ನೂಲು ಮರಳಿ, ಅದನ್ನು ಕೊಟ್ಟು ಸೀರೆ ನೇಯಿಸುತ್ತಿದ್ದ ಸಾಹುಕಾರನ ಮನೆಗೆ. ಇಷ್ಟಿದ್ದೂ ತಾನು ನೇಯ್ದ ಸೀರೆಯನ್ನು ತೋರಿಸುವ ಭಾಗ್ಯ ಆಕೆಗಿರಲಿಲ್ಲ. ಪರ ಊರಿನ ಗಿರಾಕಿಗಳು ಬಂದಾಗ ಸೀರೆಯನ್ನು ಹೆಗಲಿಗೆ ಹೊದ್ದು ನಿಲ್ಲಲು ಸಾಹುಕಾರ ಬೆಳ್ಳಗಿದ್ದ ಇನ್ನೊಬ್ಬಳನ್ನು ಕರೆಸುತ್ತಿದ್ದ.

"ಶಾಂತವ್ವ, ನಿನ್ನ ಕೈ ಬಂಗಾರ. ಮಾರಿ ಅಷ್ಟ ಒಳಗಿರ್ಲಿ," ಅಂದಿದ್ದನಂತೆ.

ಕೆಲವು ವರ್ಷಗಳ ಹಿಂದೆ ಒಂದು ದಿನ ಚಿಗವ್ವ ಇದನ್ನು ನಗುತ್ತಲೇ ಹೇಳಿದಳು. ನಕ್ಕು ಮುಗಿದ ಮೇಲೆ, "ತಮ್ಮಾ, ಬಸ್ ಸ್ಟ್ಯಾಂಡಿನಾಗ ಬೆಳ್ಳಗಾಗೂ ಕ್ರೀಮ್ ಬಂದೈತಂತ. ತಂದು ಕೊಡ್ತಿ ಏನು?" ಎಂದಳು.

ನಾನಾಗ ಹುನಗುಂದದಲ್ಲಿ ವಿಜ್ಞಾನದ ಮಾಸ್ತರ. ಪಾದರಸವು ದ್ರವರೂಪದ ಲೋಹ, ವಿಷ, ಮುಟ್ಟಬಾರದು ಎಂದು ವಾರವಿಡೀ ಗಂಭೀರವಾಗಿ ಬೋಧಿಸಿ, ರವಿವಾರ ಅದನ್ನೇ, ಕ್ರೀಮಿನೊಳಗಿದೆ ಎಂದು ಅರಿಯದೆ, ಚೀಲದಲ್ಲಿಟ್ಟುಕೊಂಡು ಚಿಗವ್ವನಿಗೆ ತಲುಪಿಸುತ್ತಿದ್ದೆ. ಡಬ್ಬಿಯ ಮೇಲೆ ತಯಾರಿಸಿದವರ ಹೆಸರಿಲ್ಲ, ಒಳಗೇನಿದೆ ಎಂಬುದಿಲ್ಲ. ಒಬ್ಬ ಚೆಲುವೆಯ ಚಿತ್ರವಿತ್ತು, ಮುಚ್ಚಳ ತೆಗೆದರೆ ಅದೇ ಹುಸಿ ಗುಲಾಬಿಯ ವಾಸನೆ. ವಿಜ್ಞಾನಕ್ಕೆ ಅಷ್ಟು ಸಾಕಾಯಿತು. ದಾರಿಯಲ್ಲಿ ಒಂದು ಚಿಟಿಕೆ ನನ್ನ ಕೆನ್ನೆಗೂ ಹೋಗುತ್ತಿತ್ತು; ಅದನ್ನು ಯಾರಿಗೂ ಹೇಳಿರಲಿಲ್ಲ.

ಚಿಗವ್ವ ನಿಜಕ್ಕೂ ಬೆಳ್ಳಗಾದಳು. ಎರಡನೆಯ ತಿಂಗಳಿಗೆ ಮುಖ ತುಂಬಿಕೊಂಡಿತು.

"ಏನವಾ ಶಾಂತಿ, ಮಾರಿ ಹುಣ್ಣಿವಿ ಚಂದ್ರ ಆಗೇತಿ! ತುಪ್ಪ ಭಾಳ ಆತೇನು?" ಎಂದು ಓಣಿಯ ಹೆಂಗಸರು ದೃಷ್ಟಿ ತೆಗೆದರು.

ನಮ್ಮ ಕಡೆ ತುಂಬಿದ ಮುಖವೆಂದರೆ ಸುಖದ ರುಜು. ಅದು ಬಾವು ಎಂದು ಯಾರಿಗೂ ಹೊಳೆಯಲಿಲ್ಲ. ಮೂರನೆಯ ತಿಂಗಳು ಸಾಹುಕಾರನೇ ಕರೆಸಿದ. ಚಿಗವ್ವ ತನ್ನ ಸೀರೆಯನ್ನು ತಾನೇ ಹೊದ್ದು ಅಂಗಡಿಯಲ್ಲಿ ಒಂದು ತಾಸು ನಿಂತಳು. ಮರುದಿನ ಮಗ್ಗದ ಕುಣಿಯಲ್ಲಿ ಕಾಲಿಳಿಸಿದರೆ ಕಾಲುಮಣೆ ತುಳಿಯಲಾಗಲಿಲ್ಲ. ಪಾದಗಳು ಊದಿದ್ದವು, ಬೆರಳಿಂದ ಒತ್ತಿದರೆ ಬಿದ್ದ ಕುಳಿ ಹಾಗೇ ಉಳಿಯುತ್ತಿತ್ತು.

ವಿದ್ಯಾಗಿರಿಯ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ನೋಡಿದ್ದು ಕಾಲನ್ನು, ಕೇಳಿದ್ದು ಮುಖದ ಬಗ್ಗೆ: "ಮಾರಿಗೆ ಏನ್ ಹಚ್ಗೋತೀರಿ?" ಡಬ್ಬಿಯನ್ನು ಇಸಿದುಕೊಂಡು, ಹೊರಗೆ ಕಳಿಸಿದ ಪರೀಕ್ಷೆಗಳ ವರದಿ ಬಂದ ಮೇಲೆ ಹೇಳಿದರು: "ಇದರಾಗ ಪಾದರಸ ಐತ್ರಿ. ಚರ್ಮದಾಗ ಇಳದು ಕಿಡ್ನಿ ಹಿಡದೈತಿ. ಇನ್ನೂ ಹಚ್ಚಿದ್ರ ಜೀವಕ್ಕ ಬರ್ತಿತ್ತು. ತಂದು ಕೊಟ್ಟವರು ಯಾರು?"

ನಾನು ಮೇಲಿನ ಫ್ಯಾನು ನೋಡುತ್ತಿದ್ದೆ.

"ಇವನ ನೋಡ್ರಿ. ಸಾಲ್ಯಾಗ ವಿಜ್ಞಾನ ಕಲಸ್ತಾನ," ಎಂದಳು ಚಿಗವ್ವ.

"ನೀವೂ ಹಚ್ಚೀರೇನ್ರಿ, ಸರ್?"

ಹತ್ತು ನಿಮಿಷದ ನಂತರ ವಿಜ್ಞಾನವು ಕೈಯಲ್ಲಿ ಮೂತ್ರ ಪರೀಕ್ಷೆಯ ಸಣ್ಣ ಬಾಟಲಿ ಹಿಡಿದು ಪಾಳಿಯಲ್ಲಿ ನಿಂತಿತ್ತು.

ನನಗೇನೂ ಆಗಿರಲಿಲ್ಲ. ಚಿಗವ್ವನ ಬಾವು ಪೂರ್ತಿ ಇಳಿಯಲು ವರ್ಷವೇ ಹಿಡಿಯಿತು. ಮಗ್ಗ ಸುಮ್ಮನಿತ್ತು. ಆಕೆ ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಒಮ್ಮೆ ಮಾತ್ರ ಕೈ ಒರೆಸಿಕೊಳ್ಳುತ್ತ, "ನೂಲಾದ್ರ ತಿಕ್ಕಿ ನೋಡತಿದ್ನಿ. ಮಾರಿಗೆ ಹಚ್ಚೂದನ್ನ ನೋಡ್ಲಿಲ್ಲ ನೋಡಪಾ," ಎಂದಳು.

ಇಷ್ಟನ್ನು ನೆನೆದುಕೊಂಡು ಅಂಗಡಿಯ ಮುಂದಿನಿಂದ ಕಾಲು ಕಿತ್ತು ಮನೆ ಮುಟ್ಟಿದಾಗ ಚಿಗವ್ವ ಕಾಯುತ್ತಿದ್ದಳು. ಈಗ ಸಾಹುಕಾರನ ಹಂಗಿಲ್ಲ. ಫೋಟೋ ಕಳಿಸಿ ಫೋನಿನಲ್ಲೇ ಮಾರುತ್ತಾಳೆ. ದಾಳಿಂಬೆ ಬಣ್ಣದ ಸೀರೆ ಹೊದ್ದು ಬಾಗಿಲಲ್ಲಿ ನಿಂತಳು. ನನ್ನ ಹೊಸ ಫೋನಿನಲ್ಲಿ ತೆಗೆದು ತೋರಿಸಿದೆ.

"ಇಕಿ ಯಾರೋ?"

ಫೋನು ಮುಖಗಳನ್ನು ತಾನಾಗಿ ಬಿಳುಪು ಮಾಡುವ ಜಾತಿಯದು. ನಾನದನ್ನು ಗಮನಿಸಿರಲಿಲ್ಲ ಎಂದರೆ ಸುಳ್ಳಾದೀತು; ಎರಡು ತಿಂಗಳಿಂದ ಅದರೊಳಗೆ ನಾನೂ ಸುಖವಾಗಿ ಬೆಳ್ಳಗಿದ್ದೆ.

"ನನ್ನ ಮಾರಿ ಹಾಳಾಗ್ಲಿ, ಸೀರಿ ಬಣ್ಣಾನೂ ತಿಂದೈತಲ್ಲೋ ಇದು! ಗಿರಾಕಿ ನನ್ನ ಕಳ್ಳಿ ಅನ್ನೂದಿಲ್ಲೇನು? ತಗಿ ಅದನ್ನ."

ತಡಕಾಡಿ ಆ ಬಿಳುಪು ಮಾಡುವುದನ್ನು ಬಂದ್ ಮಾಡಿದೆ. ಮತ್ತೆ ತೆಗೆದೆ. ಕಪ್ಪು ಮುಖ, ಅದರ ಕೆಳಗೆ ಉರಿಯುವ ದಾಳಿಂಬೆ. ಚಿಗವ್ವ ಬಹಳ ಹೊತ್ತು ನೋಡಿದಳು.

"ಹೂಂ, ಇದು ಖರೆ. ಕಳಸು."

ಆಮೇಲೆ ಫೋನು ಕಸಿದುಕೊಂಡು ನನ್ನನ್ನೂ ಬಿಸಿಲಿಗೆ ನಿಲ್ಲಿಸಿದಳು. ಆ ಚಿತ್ರದಲ್ಲಿ ನಾನು ಥೇಟ್ ಕಪ್ಪಗಿದ್ದ ನನ್ನ ಅಪ್ಪನಂತೆ ಕಂಡೆ. ಅಳಿಸಲಿಲ್ಲ.